ಕಾರ್ಡಿನ ಮೇಲೆ ಎರಡು ತಾರೀಖು

ಬೆಳಗಿನ ಜಾವ ಕಲಬುರಗಿಯ ಶಹಾಬಜಾರ ನಾಕಾದಲ್ಲಿ ಒಂದು ಕಪ್ ಚಹಾ ಹಿಡಿದು ನಿಂತರೆ, ಆಳಂದ ರಸ್ತೆಯ ಗಾಡಿಗಳ ಗಾಜಿನ ಹಿಂದೆ ಮೂರು ತಲೆಮಾರು ಕಾಣುತ್ತದೆ. ತೊಗರಿ ಚೀಲ ಹೇರಿಕೊಂಡ ಲಾರಿಯ ಎಡಗಡೆ ಸೀಟಿನಲ್ಲಿ ಮೀಸೆ ಮೂಡದ ಹುಡುಗ ತೂಕಡಿಸುತ್ತಿರುತ್ತಾನೆ. ಬಲಗಡೆ ಸ್ಟೇರಿಂಗ್ ಹಿಡಿದವನಿಗೆ ಮೂವತ್ತೋ ಮೂವತ್ತೈದೋ. ಅದರ ಹಿಂದೆ ಬರುವ ಲಾರಿಯ ಚಾಲಕನ ಮೀಸೆ ಪೂರಾ ಬೆಳ್ಳಗೆ. ಹಣೆಯ ಮೇಲೆ ಏರಿಸಿಟ್ಟ ಕನ್ನಡಕವನ್ನು ಚೀಟಿ ಓದುವಾಗ ಮಾತ್ರ ಕಣ್ಣಿಗೆ ಇಳಿಸುತ್ತಾನೆ. ಮೂವರೂ ಒಂದೇ ಕಸುಬಿನವರು. ಎಷ್ಟು ವಯಸ್ಸಿಗೆ ಈ ಕಸುಬಿಗೆ ಬರಬಹುದು ಎಂದು ಕಾನೂನು ಅಂಕಿಯಲ್ಲಿ ಹೇಳುತ್ತದೆ. ಎಷ್ಟಕ್ಕೆ ಬಿಡಬೇಕು ಎಂಬ ಅಂಕಿ ಮಾತ್ರ ಅದರಲ್ಲಿಲ್ಲ.

ಇದು ಅನೇಕರಿಗೆ ಹೊಸ ಸುದ್ದಿ. ಹೆವಿ ಲೈಸೆನ್ಸ್‌ಗೆ ಅರವತ್ತೋ ಅರವತ್ತೈದೋ ಕೊನೆ ಎಂದು ತಿಳಿದವರು ಚಾಲಕರಲ್ಲೇ ಬಹಳ ಮಂದಿ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯನ್ನು ಮೊದಲಿಂದ ಕೊನೆಯವರೆಗೆ ಹುಡುಕಿದರೂ ಚಾಲಕನಿಗೆ ಗರಿಷ್ಠ ವಯಸ್ಸು ಸಿಗುವುದಿಲ್ಲ. ಸಿಗುವುದು ಕನಿಷ್ಠ ವಯಸ್ಸು. 4ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆಯಲ್ಲಿ ಮೋಟಾರು ಗಾಡಿ ಓಡಿಸಲು 18 ತುಂಬಿರಬೇಕು. 50 ಸಿಸಿ ಮೀರದ ಎಂಜಿನ್ನಿನ ದ್ವಿಚಕ್ರ ವಾಹನಕ್ಕೆ 16 ಸಾಕು. ಲಾರಿ, ಬಸ್ಸಿನಂಥ ಸಾರಿಗೆ ವಾಹನಕ್ಕೆ 20. ಕಾರು ಓಡಿಸುವವನಿಗಿಂತ ಲಾರಿ ಓಡಿಸುವವನು ಎರಡು ವರ್ಷ ಹೆಚ್ಚು ಕಾಯಬೇಕು.

ಆ ಎರಡು ವರ್ಷಗಳಲ್ಲಿ ಏನಾಗುತ್ತದೆ ಎಂಬುದು ಎಡಗಡೆ ಸೀಟಿನ ಹುಡುಗನ ಕಥೆ. ಅವನು ಕ್ಲೀನರ್. ಟೈರಿನ ಗಾಳಿ ಬಡಿದು ನೋಡುವುದು, ತಾಡಪತ್ರಿ ಕಟ್ಟುವುದು, ರಿವರ್ಸ್ ತೆಗೆದುಕೊಳ್ಳುವಾಗ ಹಿಂದೆ ನಿಂತು ಕೂಗುವುದು ಅವನ ಕೆಲಸ. ದಾಲ್ ಮಿಲ್ಲಿನ ಅಂಗಳದಲ್ಲಿ ಲಾರಿಯನ್ನು ಹತ್ತಡಿ ಹಿಂದೆ, ಹತ್ತಡಿ ಮುಂದೆ ಸರಿಸುತ್ತಲೇ ಸ್ಟೇರಿಂಗ್ ಅವನ ಕೈಗೆ ಒಗ್ಗುತ್ತದೆ. ಕಾಗದದ ದಾರಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇದೆ. ಮೊದಲು ಲಘು ವಾಹನದ ಲೈಸೆನ್ಸ್. ಅದು ಕೈಗೆ ಬಂದು ಒಂದು ವರ್ಷ ಕಳೆದ ಮೇಲೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್. ಆಮೇಲೆ ಚಾಲನಾ ಶಾಲೆಯ ಪ್ರಮಾಣಪತ್ರ, ಆರ್‌ಟಿಒ ಮುಂದೆ ಪರೀಕ್ಷೆ. ಮೊದಲು ಇನ್ನೊಂದು ಮೆಟ್ಟಿಲೂ ಇತ್ತು: ಎಂಟನೇ ತರಗತಿ ಪಾಸಾಗಿರಬೇಕು. ಅನುಭವವಿದ್ದೂ ಓದಿಲ್ಲದ ಎಷ್ಟೋ ಮಂದಿಯನ್ನು ಆ ನಿಯಮ ಬಾಗಿಲಾಚೆ ನಿಲ್ಲಿಸಿತ್ತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ತೆಗೆದುಹಾಕಿತು. ಶಾಲೆ ಬಿಟ್ಟ ಮಕ್ಕಳು ಕ್ಲೀನರ್ ಆಗುವ ನಮ್ಮ ಭಾಗಕ್ಕೆ ಆ ಬದಲಾವಣೆ ಸಣ್ಣದೇನಲ್ಲ.

ಅದೇ 2019ರಲ್ಲಿ ಕಾಯ್ದೆಗೆ ಬಂದ ತಿದ್ದುಪಡಿ ಇನ್ನೊಂದು ಕಡೆ ಬಿಗಿ ಮಾಡಿತು. ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ತಪ್ಪು ಮಾಡಿದರೆ ಹೊಣೆ ಪಾಲಕರದು ಅಥವಾ ಗಾಡಿಯ ಮಾಲೀಕರದು: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಸಿಕ್ಕಿಬಿದ್ದ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಮಲಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ರಾಶಿಯ ದಿನಗಳಲ್ಲಿ ಟ್ರ್ಯಾಕ್ಟರ್ ಮೇಲೆ ಯಾರು ಕೂತಿರುತ್ತಾರೆ ಎಂದು ಬಲ್ಲವರಿಗೆ ಈ ಕಲಮಿನ ಭಾರ ಅರ್ಥವಾಗುತ್ತದೆ. ಹದಿನೇಳಕ್ಕೆ ಸಿಕ್ಕಿಬಿದ್ದವನ ಪಾಲಿಗೆ, ಲಾರಿ ಲೈಸೆನ್ಸಿನ 20 ಎಂಬ ವಯಸ್ಸು, ಲಘು ವಾಹನದ ಒಂದು ವರ್ಷವೂ ಸೇರಿ, ಕನಿಷ್ಠ ಆರು ವರ್ಷ ಮುಂದೆ ಸರಿಯಿತು ಎಂದೇ ಲೆಕ್ಕ.

ಸರ್ಕಾರಿ ಬಸ್ಸಿನ ಬಾಗಿಲು ಇನ್ನೂ ಕಿರಿದು. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಬೀದರಿನಿಂದ ಬಳ್ಳಾರಿಯವರೆಗೆ, ವಿಜಯಪುರವನ್ನೂ ಸೇರಿಸಿಕೊಂಡು, ಬಸ್ಸು ಓಡಿಸುತ್ತದೆ. ರಾಜ್ಯದ ಸಾರಿಗೆ ನಿಗಮಗಳ ಚಾಲಕ ಹುದ್ದೆಗೆ ಅರ್ಜಿ ಹಾಕಲು 20 ವರ್ಷವಾದರೆ ಸಾಲದು, 24 ಆಗಿರಬೇಕು. ಭಾರಿ ವಾಹನದ ಲೈಸೆನ್ಸ್ ಸಿಕ್ಕು ಎರಡು ವರ್ಷ ಕಳೆದಿರಬೇಕು. ಸಾಮಾನ್ಯ ವರ್ಗದವರಿಗೆ 35 ದಾಟಿರಬಾರದು. ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಆಯ್ಕೆಯ ಚಾಲನಾ ಪರೀಕ್ಷೆಗೆ ಈ ಭಾಗದ ಹುಡುಗರು ಹೋಗುವುದು ಹುಮನಾಬಾದಿನ ತರಬೇತಿ ಕೇಂದ್ರದ ಪಥಕ್ಕೆ. ಅಲ್ಲಿಗೆ ದಾರಿ ಕಮಲಾಪುರದ ಮೇಲೆಯೇ. ಸೇವೆ ಮುಗಿಯುವುದು 60ಕ್ಕೆ. ಆ ಹೊತ್ತಿಗೆ ಕಣ್ಣು ಹೇಗಿದೆ, ಮೊಣಕಾಲು ಹೇಗಿದೆ ಎಂದು ನಿವೃತ್ತಿಯ ಆದೇಶ ಕೇಳುವುದಿಲ್ಲ.

ಕಾಯ್ದೆಯಲ್ಲಿ ಅಂಕಿ ಇಲ್ಲ ಎಂದ ಮಾತ್ರಕ್ಕೆ ತಡೆಯೇ ಇಲ್ಲ ಎಂದಲ್ಲ. ಸಾರಿಗೆ ವಾಹನದ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 2019ಕ್ಕೆ ಮೊದಲು ಮೂರು ವರ್ಷಕ್ಕೊಮ್ಮೆ ಆಗಬೇಕಿತ್ತು. ಪೆಟ್ರೋಲು, ಗ್ಯಾಸಿನಂಥ ಅಪಾಯಕಾರಿ ಸರಕು ಸಾಗಿಸುವವರಿಗೆ ಈಗ ಮೂರು ವರ್ಷ, ಮೊದಲು ಒಂದು. ಅಂದರೆ ತಪಾಸಣೆಗಳ ನಡುವಿನ ಅಂತರ ಎರಡೂ ಕಡೆ ಹಿಗ್ಗಿದೆ. ಕಚೇರಿಗೆ ಅಲೆಯುವುದು ತಪ್ಪಿತೆಂದು ಚಾಲಕರು ನೆಮ್ಮದಿಪಟ್ಟರು, ಅದು ನ್ಯಾಯವೂ ಹೌದು. ಆದರೆ ನವೀಕರಣದ ಜೊತೆಗೇ ಬರಬೇಕಾದ ವೈದ್ಯರ ಪತ್ರವೂ ಅಷ್ಟೇ ದೂರ ಹೋಯಿತು ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಆ ವೈದ್ಯರ ಪತ್ರದ ಹೆಸರು ಫಾರ್ಮ್ 1ಎ. ಸಾರಿಗೆ ವಾಹನದವರಿಗೆ ಯಾವ ವಯಸ್ಸಿನಲ್ಲೂ, ಉಳಿದವರಿಗೆ 40 ದಾಟಿದ ಮೇಲೆ ಇದು ಕಡ್ಡಾಯ. ವಯಸ್ಸಾದ ಚಾಲಕನಿಗೂ ರಸ್ತೆಗೂ ನಡುವೆ ಕಾನೂನು ನಿಲ್ಲಿಸಿರುವ ನಿಜವಾದ ಬಾಗಿಲು ಈ ಒಂದು ಹಾಳೆ, ಹಾಗಾಗಿ ಅದನ್ನು ಹತ್ತಿರದಿಂದ ನೋಡಬೇಕು. ಕೆಂಪು, ಹಸಿರು ಬಣ್ಣ ಬೇರೆ ಮಾಡಿ ಗುರುತಿಸುತ್ತಾರೆಯೇ? ಇರುಳುಗುರುಡು ಇದೆಯೇ? ಹಾರ್ನಿನಂಥ ಸಾಮಾನ್ಯ ಸದ್ದು ಕೇಳಿಸದಷ್ಟು ಕಿವುಡು ಇದೆಯೇ? ಕೈಕಾಲುಗಳಲ್ಲಿ ಗಾಡಿ ಓಡಿಸಲು ಅಡ್ಡಿಯಾಗುವ ಊನವಿದೆಯೇ? ಮತ್ತೆ ಒಂದು ವಿಚಿತ್ರವಾದ, ಆದರೆ ಬಹಳ ಜಾಣತನದ ಪ್ರಶ್ನೆ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಮೋಟಾರು ಗಾಡಿಯ ನಂಬರ್ ಪ್ಲೇಟನ್ನು ಓದಬಲ್ಲರೇ?

ಈ ಪರೀಕ್ಷೆಗೆ ಆಸ್ಪತ್ರೆ ಬೇಕಿಲ್ಲ. ನಿಂತ ಲಾರಿಯ ಮುಂದಿನಿಂದ ಸಾಧಾರಣ ಹೆಜ್ಜೆಯಲ್ಲಿ ಮೂವತ್ತಮೂರು ಹೆಜ್ಜೆ ನಡೆದು ತಿರುಗಿ ನೋಡಿದರೆ ಆಯಿತು. ಪ್ಲೇಟಿನ ಮೇಲಿನ ‘ಕೆಎ 32’ ಅಕ್ಷರಗಳ ಎತ್ತರ ನಿಯಮದ ಪ್ರಕಾರ 65 ಮಿಲಿಮೀಟರ್. ಕಣ್ಣಿನ ಡಾಕ್ಟರ ಗೋಡೆಯ ಚಾರ್ಟಿನಲ್ಲಿ ‘ಆರಕ್ಕೆ ಆರು’ ಎನ್ನುವ ಪೂರ್ಣ ದೃಷ್ಟಿಯವರು ಅಷ್ಟು ದೂರದಿಂದ ಸುಮಾರು 36 ಮಿಲಿಮೀಟರಿನ ಅಕ್ಷರವನ್ನೇ ಓದಬಲ್ಲರು. ಅಂದರೆ ಫಾರ್ಮು ಕೇಳುವುದು ಪೂರ್ಣ ದೃಷ್ಟಿಯ ಅರ್ಧಕ್ಕಿಂತ ತುಸು ಹೆಚ್ಚು. ಉದಾರ ಪರೀಕ್ಷೆಯೇ. ಇಷ್ಟು ಉದಾರವಾದದ್ದನ್ನಾದರೂ ನಿಜವಾಗಿ ಮಾಡಿ ನೋಡಬೇಕಲ್ಲ! ಮೇಜಿನ ಆಚೆ ಡಾಕ್ಟರು, ಈಚೆ ಚಾಲಕ, ನಡುವೆ ನಾಲ್ಕು ಅಡಿ. ಅಲ್ಲಿ ಕೂತುಕೊಂಡು ಉತ್ತರ ಬರೆಯುವ ಪ್ರಶ್ನೆ ಅಲ್ಲ ಇದು. ಬಣ್ಣದ ವಿಷಯದಲ್ಲಿ 2020ರಲ್ಲಿ ಸ್ವಲ್ಪ ಸಡಿಲಿಸಲಾಯಿತು. ಅಲ್ಪ ಅಥವಾ ಮಧ್ಯಮ ಮಟ್ಟದ ವರ್ಣಾಂಧತೆ ಇದ್ದವರಿಗೂ ಈಗ ಲೈಸೆನ್ಸ್ ಸಿಗುತ್ತದೆ.

ಫಾರ್ಮು ಹಗಲು ಬೆಳಕನ್ನು ಹೇಳುತ್ತದೆ. ಲಾರಿಯ ದುಡಿಮೆ ಹೆಚ್ಚಾಗಿ ರಾತ್ರಿಯದು. ವಯಸ್ಸು ಏರಿದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಹಿಂಪರದೆಗೆ ಮುಟ್ಟುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದು ಪಾಲು. ಪೊರೆ ಕಟ್ಟಲು ಶುರುವಾದರೆ ಎದುರು ಗಾಡಿಯ ದೀಪದ ಸುತ್ತ ಬೆಳಕಿನ ಬಳೆ ಮೂಡುತ್ತದೆ, ಅದರೊಳಗೆ ರಸ್ತೆ ಮಾಯವಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಕಾಲು ಬ್ರೇಕಿಗೆ ಹೋಗುವುದು ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರ್ ಮುಂದೆ. ಒಂದು ಲಾರಿಯ ಉದ್ದ ಹೆಚ್ಚುಕಡಿಮೆ ಅಷ್ಟೇ.

ಕಮಲಾಪುರದ ರಸ್ತೆ ಇಂಥ ಲೆಕ್ಕಗಳನ್ನು ಕ್ಷಮಿಸುವ ರಸ್ತೆಯಲ್ಲ. ಕಲಬುರಗಿಯಿಂದ ಮಹಾಗಾಂವ ಕ್ರಾಸ್ ದಾಟಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗುವ 50ನೇ ರಾಷ್ಟ್ರೀಯ ಹೆದ್ದಾರಿ ಹೈದರಾಬಾದಿನ ಕಡೆಗಿನ ಬಾಗಿಲು. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಸ್ಲೀಪರ್ ಬಸ್ಸು ಕಮಲಾಪುರದ ಹೊರವಲಯದಲ್ಲಿ ಸರಕು ವಾಹನವೊಂದಕ್ಕೆ ಡಿಕ್ಕಿ ಹೊಡೆದು, ಸೇತುವೆಯಿಂದ ಕೆಳಗುರುಳಿ ಹೊತ್ತಿ ಉರಿಯಿತು. ಗೋವಾದಲ್ಲಿ ಹುಟ್ಟುಹಬ್ಬ ಮುಗಿಸಿ ಮರಳುತ್ತಿದ್ದವರು ಸೇರಿ ಏಳು ಜನ ಸಜೀವ ದಹನವಾದರು. ಚಾಲಕರ ವಯಸ್ಸಿಗೂ ಆ ದುರಂತಕ್ಕೂ ಗಂಟು ಹಾಕುವಂತಿಲ್ಲ, ಹಾಕುವುದೂ ಬೇಡ. ರಾತ್ರಿಯಿಡೀ ಓಡಿದ ಗಾಡಿ ಬೆಳಗು ಹರಿಯುವ ಹೊತ್ತಿಗೆ ಈ ರಸ್ತೆಗೆ ಬರುತ್ತದೆ ಎಂಬುದನ್ನು ಮಾತ್ರ ಅದು ನೆನಪಿಸುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಗೆ ಮಿತಿಗೊಳಿಸಿದೆ. ಇಪ್ಪತ್ತೈದರ ದೇಹ ಆ ಮಿತಿ ಮುರಿದರೂ ತಾಳೀತು, ಐವತ್ತೈದರದು ತಾಳುವುದಿಲ್ಲ.

ಇನ್ನು ಕೆಳಗಿಳಿಯುವ ಮಾತು. ಹೆವಿ ಬಿಟ್ಟು ಲಘು ವಾಹನಕ್ಕೆ ಮರಳುವುದು ಹೇಗೆ? ಚಾಲಕರು ತಮ್ಮ ಲೈಸೆನ್ಸ್ ಕಾರ್ಡನ್ನು ಒಮ್ಮೆ ಸರಿಯಾಗಿ ನೋಡಿಕೊಂಡರೆ ಅರ್ಧ ಉತ್ತರ ಅಲ್ಲೇ ಇದೆ. ಸಾರಿಗೆ ವಾಹನದ ಅನುಮತಿ ಇರುವ ಕಾರ್ಡಿನ ಮೇಲೆ ಎರಡು ತಾರೀಖು ಇರುತ್ತವೆ: ‘ಎನ್‌ಟಿ’ ಎಂದರೆ ಸಾರಿಗೆಯಲ್ಲದ, ಸ್ವಂತ ಬಳಕೆಯ ಗಾಡಿಗೆ, ‘ಟಿಆರ್’ ಎಂದರೆ ಸಾರಿಗೆ ವಾಹನಕ್ಕೆ. ಟಿಆರ್ ತಾರೀಖು ಬೇಗ ಬರುತ್ತದೆ, ಎನ್‌ಟಿ ಸಾಮಾನ್ಯವಾಗಿ ತಡವಾಗಿ. ಟಿಆರ್ ಮುಗಿದ ದಿನ ಸುಮ್ಮನಿದ್ದುಬಿಟ್ಟರೆ ಲೈಸೆನ್ಸ್ ಸಾಯುವುದಿಲ್ಲ, ಒಂದು ಮೆಟ್ಟಿಲು ಇಳಿಯುತ್ತದೆ. ಯಾರಿಗೂ ತಿಳಿಯದಂತೆ, ಅರ್ಜಿ ಇಲ್ಲದೆ, ಒಂದು ರಾತ್ರಿ ಹನ್ನೆರಡಕ್ಕೆ ಲಾರಿ ಡ್ರೈವರ್ ಕಾರು ಡ್ರೈವರ್ ಆಗುತ್ತಾನೆ. ಮನಸ್ಸು ಬದಲಾದರೆ ಒಂದು ವರ್ಷದೊಳಗೆ ನವೀಕರಿಸಿಕೊಳ್ಳಬಹುದು. ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ.

ಇನ್ನೊಂದು ದಾರಿ ತಾನಾಗಿ ಬಿಟ್ಟುಕೊಡುವುದು. ಕೇಂದ್ರದ ‘ಸಾರಥಿ’ ಜಾಲತಾಣದಲ್ಲಿ ಲೈಸೆನ್ಸಿನ ಸೇವೆಗಳ ಪಟ್ಟಿಯಲ್ಲೇ ವಾಹನ ವರ್ಗವನ್ನು ಅಥವಾ ಪ್ರಯಾಣಿಕ ವಾಹನದ ಬ್ಯಾಡ್ಜನ್ನು ಮರಳಿಸುವ ಸೌಲಭ್ಯ ಇದೆ. ಅರ್ಜಿ ಹಾಕಿ ಹೆವಿಯನ್ನು ತೆಗೆಸಿಬಿಡಬಹುದು, ಉಳಿದದ್ದು ಹಾಗೇ ಇರುತ್ತದೆ. ಆದರೆ ಹೀಗೆ ಬಿಟ್ಟುಕೊಟ್ಟ ಮೇಲೆ ಮತ್ತೆ ಬೇಕೆಂದರೆ ಹೊಸ ವರ್ಗ ಸೇರಿಸಿಕೊಂಡಂತೆಯೇ ಎಲ್‌ಎಲ್‌ನಿಂದ ಶುರು ಮಾಡಬೇಕು.

ಯಾರಾದರೂ ಯಾಕೆ ಇಳಿಯುತ್ತಾರೆ? ಒಂದು ಕಾರಣ ಆರೋಗ್ಯ. ಇನ್ನೊಂದು, ಐದೈದು ವರ್ಷಕ್ಕೆ ಡಾಕ್ಟರ ಪತ್ರ, ಶುಲ್ಕ, ಅಲೆದಾಟ ಯಾಕೆ ಎಂಬ ಬೇಸರ. ಸ್ವಂತ ಗಾಡಿಯ ಲೈಸೆನ್ಸಿನ ಲೆಕ್ಕ ಬೇರೆ. 30 ತುಂಬುವ ಮುಂಚೆ ಪಡೆದದ್ದು 40ರವರೆಗೆ. 30ರಿಂದ 50ರ ನಡುವೆ ಪಡೆದದ್ದು ಹತ್ತು ವರ್ಷ. 50ರಿಂದ 55ರ ನಡುವೆ ಪಡೆದದ್ದು 60ರವರೆಗೆ. 55 ದಾಟಿದ ಮೇಲೆ ಐದೈದು ವರ್ಷ. ಶಹಾಬಜಾರದ ಒಬ್ಬ 49ರ ಚಾಲಕ ಹೆವಿ ಬಿಟ್ಟು ಲಘು ವಾಹನದ್ದನ್ನಷ್ಟೇ ಈ ವರ್ಷ ನವೀಕರಿಸಿಕೊಂಡರು ಎನ್ನಿ. ಅವರ ಕಾರ್ಡು 59ರವರೆಗೆ ನಡೆಯುತ್ತದೆ. 55 ದಾಟಿದವರಿಗೆ ಈ ಲಾಭ ಇಲ್ಲ, ಅಲ್ಲಿ ಎರಡೂ ದಾರಿಗೆ ಐದೇ ವರ್ಷ.

ಈ ಲೆಕ್ಕದಲ್ಲಿ ಒಂದು ತಮಾಷೆ ಅಡಗಿದೆ. ಹೆವಿ ಬಿಟ್ಟವರು ಬಾಡಿಗೆ ಗಾಡಿಯ ಕಸುಬನ್ನೇ ಬಿಟ್ಟಂತೆ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗಲ್ಲ. 7,500 ಕಿಲೋ ಮೀರದ ಗಾಡಿ ಕಾಯ್ದೆಯ ಕಣ್ಣಿಗೆ ಲಘು ವಾಹನ. ಅದು ಸರಕು ಹೊತ್ತು ಬಾಡಿಗೆಗೆ ಓಡಿದರೆ ಚಾಲಕನಿಗೆ ಬೇರೆ ಸಾರಿಗೆ ಅನುಮತಿ ಬೇಕೇ ಎಂಬ ಜಗಳ ವಿಮಾ ಕಂಪನಿಗಳಿಗೂ ಮಾಲೀಕರಿಗೂ ವರ್ಷಗಟ್ಟಲೆ ನಡೆಯಿತು. ಅಪಘಾತವಾದಾಗ ‘ಡ್ರೈವರನ ಲೈಸೆನ್ಸ್ ಸರಿಯಿಲ್ಲ’ ಎಂದು ಕಂಪನಿ ಕೈಯೆತ್ತುತ್ತಿತ್ತು. ಸಂತ್ರಸ್ತರಿಗೆ ಕಂಪನಿಯೇ ಕೊಟ್ಟು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ನ್ಯಾಯಮಂಡಳಿ ಹೇಳಿದರೆ ಮಾಲೀಕನ ಹೊಲ ಹೋಗುತ್ತಿತ್ತು. ಸುಪ್ರೀಂ ಕೋರ್ಟು 2017ರಲ್ಲಿ ಮುಕುಂದ ದೇವಾಂಗನ್ ಪ್ರಕರಣದಲ್ಲಿ ಬೇರೆ ಅನುಮತಿ ಬೇಡ ಎಂದಿತು. ಆ ತೀರ್ಪನ್ನು ಪ್ರಶ್ನಿಸಿದ್ದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಬಂತು. 2024ರ ನವೆಂಬರ್ 6ರಂದು ಪೀಠ ಅದನ್ನೇ ಎತ್ತಿಹಿಡಿಯಿತು. ಕಮಲಾಪುರದಿಂದ ಕಲಬುರಗಿಯ ಮಾರುಕಟ್ಟೆಗೆ ಬಾಳೆಗೊನೆ ಹೇರಿಕೊಂಡು ಬರುವ ‘ಛೋಟಾ ಹಾಥಿ’ಯ ಮಾಲೀಕರು ಅಂದು ನಿಟ್ಟುಸಿರು ಬಿಟ್ಟಿರಬೇಕು.

ಹೆವಿ ಬಿಟ್ಟ ಚಾಲಕರಿಗೂ ಇದು ಅನ್ನದ ದಾರಿ. ದೊಡ್ಡ ಲಾರಿ ಬಿಟ್ಟು ಪಿಕಪ್ಪು, ಸಣ್ಣ ಸರಕು ಗಾಡಿ, ಟ್ಯಾಕ್ಸಿ ಹಿಡಿಯಬಹುದು. ಕಾನೂನಿನ ಎರಡು ತುದಿಗಳನ್ನು ಕೂಡಿಸಿದಾಗ ಸಿಗುವ ಚಿತ್ರ ಮಾತ್ರ ಸ್ವಲ್ಪ ಗಾಬರಿ ಹುಟ್ಟಿಸುತ್ತದೆ: ಆ 49ರ ಚಾಲಕರು ಏಳೂವರೆ ಟನ್ನಿನವರೆಗಿನ ಗಾಡಿಯನ್ನು ದಿನವಿಡೀ ಬಾಡಿಗೆಗೆ ಓಡಿಸುತ್ತ, 59ರವರೆಗೆ ಒಬ್ಬ ಡಾಕ್ಟರ ಮುಖವನ್ನೂ ನೋಡದೆ ಇರಬಹುದು. ಹೆವಿಯಲ್ಲೇ ಉಳಿದಿದ್ದರೆ ಅಷ್ಟರಲ್ಲಿ ನಡುವೆ ಒಮ್ಮೆಯಾದರೂ ಫಾರ್ಮ್ 1ಎ ತುಂಬಿಸಬೇಕಿತ್ತು. ಕಣ್ಣು, ಕಿವಿ, ಸಕ್ಕರೆ ಕಾಯಿಲೆ ಎಲ್ಲವೂ ಕೈಕೊಡುವ ಹತ್ತು ವರ್ಷ ಅದೇ. ಯಾವ ಚಾಲಕನೂ ಮಾಡಿದ ತಪ್ಪಲ್ಲ ಇದು. ಎರಡು ಬೇರೆ ಕಾಲದಲ್ಲಿ, ಬೇರೆ ಉದ್ದೇಶಕ್ಕೆ ಬರೆದ ನಿಯಮಗಳು ಒಂದರ ಮೇಲೊಂದು ಕೂತಾಗ ಉಳಿದ ಸಂದು.

ಬೇರೆ ರೀತಿ ಮಾಡಬಹುದು ಎಂಬುದಕ್ಕೆ ದೂರದ ದೇಶ ನೋಡಬೇಕಿಲ್ಲ. ಇದೇ ಜಿಲ್ಲೆಯ ವಾಡಿ ಜಂಕ್ಷನ್ನಿನಲ್ಲಿ ರೈಲು ಎಂಜಿನ್ನಿನಿಂದ ಇಳಿದು ಬರುವ ಲೋಕೊ ಪೈಲಟ್ ಸಾಕು. ರೈಲ್ವೆಯಲ್ಲಿ ಅವರ ವೈದ್ಯಕೀಯ ವರ್ಗ ಎ-1, ಎಲ್ಲಕ್ಕಿಂತ ಕಟ್ಟುನಿಟ್ಟಿನದು. 45ರವರೆಗೆ ನಾಲ್ಕು ವರ್ಷಕ್ಕೊಮ್ಮೆ, 45ರಿಂದ 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ತಪಾಸಣೆ. ಮಾಡುವವರು ರೈಲ್ವೆಯದೇ ವೈದ್ಯರು. ವಯಸ್ಸು ಏರಿದಂತೆ ಅಂತರ ಕುಗ್ಗುತ್ತದೆ. ರಸ್ತೆಯ ಲೈಸೆನ್ಸಿನಲ್ಲಿ ಸಾರಿಗೆ ಚಾಲಕನಿಗೆ ಇಪ್ಪತ್ತೈದರಲ್ಲೂ ಅರವತ್ತೈದರಲ್ಲೂ ಅದೇ ಐದು ವರ್ಷ. ಎ-1ರಲ್ಲಿ ಫೇಲಾದ ಲೋಕೊ ಪೈಲಟ್‌ನನ್ನು ಮನೆಗೆ ಕಳಿಸುವುದಿಲ್ಲ, ಕೆಳಗಿನ ವೈದ್ಯಕೀಯ ವರ್ಗಕ್ಕೆ ಇಳಿಸಿ ಬೇರೆ ಕೆಲಸ ಕೊಡುತ್ತಾರೆ. ರೈಲ್ವೆ ಕಾಲೊನಿಗಳಲ್ಲಿ ‘ಡಿಕೆಟಗರೈಸ್ ಆದರು’ ಎಂಬ ಮಾತು ಹೆಂಗಸರು ಮಕ್ಕಳ ಬಾಯಲ್ಲೂ ಬರುತ್ತದೆ. ಸಂಬಳದ ಶ್ರೇಣಿಗೆ ರಕ್ಷಣೆ ಇರುವುದರಿಂದ ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಳ್ಳಲು ಅಲ್ಲಿ ಅಷ್ಟು ಭಯವಿಲ್ಲ.

ಸಾರಿಗೆ ನಿಗಮದ ಚಾಲಕರಿಗೂ ಇಂಥದೊಂದು ಆಸರೆ ಕಾನೂನಿನಲ್ಲಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು, ಸೇವೆಯಲ್ಲಿರುವಾಗ ವೈಕಲ್ಯ ಬಂದ ಸರ್ಕಾರಿ ಸಂಸ್ಥೆಯ ನೌಕರನನ್ನು ಕೆಲಸದಿಂದ ತೆಗೆಯುವುದನ್ನೂ ಅವನ ದರ್ಜೆ ಇಳಿಸುವುದನ್ನೂ ತಡೆಯುತ್ತದೆ. ಪಕ್ಕದ ತೆಲಂಗಾಣದ ಸಾರಿಗೆ ನಿಗಮದಲ್ಲಿ ವರ್ಣಾಂಧತೆ ಪತ್ತೆಯಾಯಿತೆಂದು ಚಾಲಕರೊಬ್ಬರನ್ನು ಸೇವೆಯಿಂದ ಬಿಡುಗಡೆ ಮಾಡಿದ್ದರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2025ರ ಆಗಸ್ಟ್‌ನಲ್ಲಿ ಕೋರ್ಟು, ಅವರಿಗೆ ಒಗ್ಗುವ ಬೇರೆ ಕೆಲಸ ಕೊಡಿ ಎಂದು ನಿಗಮಕ್ಕೆ ಆದೇಶಿಸಿತು. ಸ್ಟೇರಿಂಗ್ ಹಿಡಿಯಲಾಗದವನು ಡಿಪೊದಲ್ಲಿ ಮಾಡಬಹುದಾದ ಕೆಲಸ ಎಷ್ಟೋ ಇರುತ್ತವೆ.

ಲಾರಿ ಚಾಲಕನಿಗೆ ಡಿಪೊ ಇಲ್ಲ. ಅವನಿಗಿರುವುದು ಮಾಲೀಕನ ಫೋನ್ ನಂಬರು. ಹೆವಿ ಬಿಟ್ಟ ದಿನವೇ ಬಾಟಾ, ಟ್ರಿಪ್ಪಿನ ಲೆಕ್ಕ ಇಳಿಯುತ್ತದೆ. ಅರವತ್ತರ ನಂತರಕ್ಕೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ ಕೊಡುವ ಕೇಂದ್ರದ ಶ್ರಮಯೋಗಿ ಮಾನ್‌ಧನ್ ಯೋಜನೆ 2019ರಿಂದ ಇದೆ. ಅದಕ್ಕೆ ಸೇರಲು ವಯಸ್ಸು 18ರಿಂದ 40. ಹೆವಿ ಓಡಿಸಲು ಗರಿಷ್ಠ ವಯಸ್ಸು ಇಲ್ಲ, ಓಡಿಸುವುದನ್ನು ನಿಲ್ಲಿಸಿದ ಮೇಲಿನ ದಿನಗಳಿಗೆ ಹಣ ಕೂಡಿಡಲು ಮಾತ್ರ ಇದೆ! ಐವತ್ತರ ಮೇಲೆ ಕಣ್ಣು ಮಂಜಾದವರು ಡಾಕ್ಟರಿಗೆ ಅದನ್ನು ಹೇಳದೆ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಹೊರದೇಶಗಳಲ್ಲಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಬ್ರಿಟನ್ನಿನಲ್ಲಿ ಲಾರಿ, ಬಸ್ಸಿನ ಅನುಮತಿ 45ರಿಂದ ಐದು ವರ್ಷಕ್ಕೊಮ್ಮೆ ವೈದ್ಯಕೀಯ ವರದಿ ಕೇಳುತ್ತದೆ, 65 ದಾಟಿದ ಮೇಲೆ ಪ್ರತಿ ವರ್ಷ. ಗರಿಷ್ಠ ವಯಸ್ಸು ಅಲ್ಲೂ ಇಲ್ಲ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಲಾರಿ ಒಯ್ಯಲು 21 ಆಗಿರಬೇಕು, ವೈದ್ಯಕೀಯ ಪತ್ರದ ಆಯುಸ್ಸು ಹೆಚ್ಚೆಂದರೆ ಎರಡು ವರ್ಷ. ಮುದುಕರ ದೇಶವಾದ ಜಪಾನಿನಲ್ಲಿ ಲೈಸೆನ್ಸನ್ನು ತಾವಾಗಿ ಮರಳಿಸುವ ವ್ಯವಸ್ಥೆ 1998ರಿಂದಲೇ ಇದೆ. 2022ರ ಮೇ ತಿಂಗಳಲ್ಲಿ ಅವರು ಒಂದೇ ಏಟಿಗೆ ಎರಡೂ ತುದಿ ಮುಟ್ಟಿದರು: ತಾನಾಗಿ ಬ್ರೇಕ್ ಹಾಕುವಂಥ ಸುರಕ್ಷಾ ಸಾಧನಗಳಿರುವ ಕಾರಿಗಷ್ಟೇ ಸೀಮಿತವಾದ ಲೈಸೆನ್ಸನ್ನು, ಮುಖ್ಯವಾಗಿ ಹಿರಿಯರಿಗಾಗಿ, ಶುರು ಮಾಡಿದರು, ವಿಶೇಷ ತರಬೇತಿ ಪಡೆದವರಿಗೆ ದೊಡ್ಡ ಲಾರಿಯ ಕನಿಷ್ಠ ವಯಸ್ಸನ್ನು 21ರಿಂದ 19ಕ್ಕೆ ಇಳಿಸಿದರು. ಚಾಲಕರು ಸಿಗದ ಕಾಲ, ಏನು ಮಾಡುವುದು.

ನಮ್ಮಲ್ಲಿ ಒಂದು ಅಂಕಿ ಬರೆದು, 60ಕ್ಕೆ ಹೆವಿ ಬಂದ್ ಎಂದುಬಿಟ್ಟರೆ? ಸುಲಭದ ದಾರಿ, ಆದರೆ ಒಳ್ಳೆಯ ದಾರಿ ಎನಿಸುವುದಿಲ್ಲ. ಅರವತ್ತೆರಡರಲ್ಲಿ ಮೂವತ್ತಮೂರು ಹೆಜ್ಜೆಯಿಂದ ನಂಬರ್ ಪ್ಲೇಟು ಓದಬಲ್ಲವರು ಇದ್ದಾರೆ. ನಲವತ್ತೆಂಟರಲ್ಲೇ ಸಕ್ಕರೆ ಕಾಯಿಲೆ ಕಣ್ಣಿನ ನರ ತಿಂದವರೂ ಇದ್ದಾರೆ. ಕಲಬುರಗಿಯ ಬೇಸಿಗೆಯಲ್ಲಿ, ಎಂಜಿನ್ನಿನ ಪಕ್ಕದಲ್ಲಿ ಮೂವತ್ತು ವರ್ಷ ಕೂತವನ ದೇಹಕ್ಕೆ ಹುಟ್ಟಿದ ದಿನಾಂಕವೊಂದೇ ಅಳತೆಯಾಗದು. ಹೊಸ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾದದ್ದು 2025ರಲ್ಲಿ. ಈಗಾಗಲೇ ರಸ್ತೆಯ ಮೇಲಿರುವ ಹಳೆಯ ಗಾಡಿಗಳಿಗೆ ಅದು ಅನ್ವಯಿಸುವುದಿಲ್ಲ. ಐವತ್ತರ ನಂತರ ತಪಾಸಣೆಯ ಅಂತರ ಕುಗ್ಗಲಿ, ಏಳೂವರೆ ಟನ್ನಿನ ಕೆಳಗಿನ ಬಾಡಿಗೆ ಗಾಡಿಯವರೂ ಅದರೊಳಗೆ ಬರಲಿ, ಖರ್ಚು ಚಾಲಕನ ಜೇಬಿಗೆ ಬೀಳದಿರಲಿ. ಇಷ್ಟಾದರೆ ಅಂಕಿಯ ಅಗತ್ಯವೇ ಬಾರದು. ಅದಕ್ಕೆ ಹೊಸ ಕಾಯ್ದೆಯೂ ಬೇಡವೇನೋ: 16ನೇ ಕಲಮಿನ ಪ್ರಕಾರ, ಕಾಯಿಲೆಯಿಂದ ಚಾಲಕ ಗಾಡಿ ಓಡಿಸಲು ಯೋಗ್ಯನಲ್ಲ ಎಂದು ನಂಬಲು ಕಾರಣವಿದ್ದರೆ ಲೈಸೆನ್ಸಿಂಗ್ ಅಧಿಕಾರಿ ಯಾವ ದಿನ ಬೇಕಾದರೂ ವೈದ್ಯಕೀಯ ಪತ್ರ ಕೇಳಬಹುದು, ಲೈಸೆನ್ಸನ್ನೂ ರದ್ದು ಮಾಡಬಹುದು.

ಸದ್ಯಕ್ಕೆ ನಡೆಯುವುದು ಹೀಗೆ. ನಿಗಮದ ಬಸ್ಸು ಓಡಿಸುವ ಒಬ್ಬರು 58ರಲ್ಲಿ ಹೆವಿ ನವೀಕರಿಸಿಕೊಂಡಿದ್ದಾರೆ ಎಂದುಕೊಳ್ಳಿ. ಕಾರ್ಡಿನ ಟಿಆರ್ ತಾರೀಖು 63ಕ್ಕೆ ಬರುತ್ತದೆ. 60ಕ್ಕೆ ನಿಗಮ ಶಾಲು ಹೊದಿಸಿ ಬೀಳ್ಕೊಡುತ್ತದೆ, ನಿನ್ನೆಯವರೆಗೆ ಹಿಡಿದ ಸ್ಟೇರಿಂಗ್‌ಗೆ ವಯಸ್ಸಾಯಿತು ಎನ್ನುತ್ತದೆ. ಮಗಳ ಮದುವೆಯ ಸಾಲ ಇನ್ನೂ ತೀರಿರುವುದಿಲ್ಲ. ಮರುವಾರ ಅವರು ಖಾಸಗಿ ಗಾಡಿಯ ಮಾಲೀಕರೊಬ್ಬರ ಮುಂದೆ ಕಾರ್ಡು ಇಡುತ್ತಾರೆ. ಮಾಲೀಕರು ಅದನ್ನು ಬೆಳಕಿಗೆ ಹಿಡಿದು ಒಂದು ತಾರೀಖು ನೋಡುತ್ತಾರೆ, ಇನ್ನೂ ಮೂರು ವರ್ಷ ಇದೆ. ‘ರಾತ್ರಿ ಪಾಳಿ ನಡೀತದೇನ್ರಿ ಕಾಕಾ?’ ಎಂದು ಕೇಳುತ್ತಾರೆ.